ಬಾಣ ತಲೆಕೆಳಗಾಗಿದೆ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಕೆನಡಾದ ಪ್ರೇರಿ ಬಯಲಿನ ಬಗ್ಗೆ ಪೂರ್ತಿ ಒಂದು ಪುಟ ಬಂದಿತ್ತು. 1950ರ ಸುಮಾರಿಗೆ ರೆಡ್ ನದಿಯ ಕಣಿವೆ ಹೇಗಿತ್ತು ಅನ್ನುವುದು ಅದರ ವಿಷಯ. ನಾನು ಮೂವತ್ತೈದು ವರ್ಷಕ್ಕೂ ಜಾಸ್ತಿ ಇದೇ ಕಣಿವೆಯಲ್ಲಿ, ವಿನ್ನಿಪೆಗ್ ನಗರದಲ್ಲಿ ಇದ್ದೇನೆ. ಅದರಲ್ಲಿ ಇಪ್ಪತ್ತೇಳು ವರ್ಷ ಒಂದು ಸರ್ವೇ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿದೆ. ಈಗ ನಿವೃತ್ತ. ಕೈಯಲ್ಲಿ ಸಮಯ ಇದೆ, ತಕರಾರೂ ಇದೆ. ಅದಕ್ಕೇ ಈ ಪತ್ರ.

ತಕರಾರು ಎರಡು. ಲೇಖನದ ಜೊತೆ ಹಾಕಿದ ನಕ್ಷೆಯಲ್ಲಿ ರೆಡ್ ನದಿಯ ಪಕ್ಕದ ಬಾಣ ಕೆಳಮುಖವಾಗಿದೆ, ಅಂದರೆ ನದಿ ದಕ್ಷಿಣಕ್ಕೆ ಹರಿಯುತ್ತದೆ ಅಂತ ತೋರಿಸಿದ್ದೀರಿ. ಅದು ತಪ್ಪು. ರೆಡ್ ನದಿ ಉತ್ತರಕ್ಕೆ ಹರಿಯುತ್ತದೆ. ಇನ್ನೊಂದು, ಲೇಖಕರು ಈ ಜಾಗವನ್ನು ನೋಡುವುದಕ್ಕೆ ಏನೂ ಇಲ್ಲದ ಚಪ್ಪಟೆ ಬಯಲು ಅಂದುಬಿಟ್ಟಿದ್ದಾರೆ. ಚಪ್ಪಟೆ ಅನ್ನುವುದು ನಿಜ. ಏನೂ ಇಲ್ಲ ಅನ್ನುವುದನ್ನು ಮಾತ್ರ ಒಪ್ಪಲಾರೆ.

ಬಾಣದ ವಿಷಯದಲ್ಲಿ ನಿಮ್ಮನ್ನು ಜಾಸ್ತಿ ಬೈಯುವ ಹಕ್ಕು ನನಗಿಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ನಾನೂ ಇದೇ ತಪ್ಪು ಮಾಡಿದ್ದೆ. ಒಂದು ಜಮೀನಿನ ನಕ್ಷೆ ಬರೆದು, ನದಿಗೆ ನೀಲಿ ಶಾಯಿ ಹಾಕಿ, ಪಕ್ಕದಲ್ಲಿ ಚಂದದ ಬಾಣ ಇಟ್ಟೆ, ಕೆಳಮುಖವಾಗಿ. ಕಾಗದದ ಮೇಲೆ ನೀರು ಕೆಳಕ್ಕೇ ಹರಿಯಬೇಕು ಅಂತ ಕೈಗೆ ಅಭ್ಯಾಸವಾಗಿರುತ್ತದೆ, ಅಲ್ವಾ? ನನ್ನ ಮೇಲಿನವರು ಏನೂ ಹೇಳಲಿಲ್ಲ. ಹಾಳೆಯನ್ನು ತಲೆಕೆಳಗು ಮಾಡಿ ನನ್ನ ಮೇಜಿನ ಮೇಲಿಟ್ಟು, ಕಾಫಿ ತರೋಕೆ ಹೋದರು. ಒಂದು ಬಾಣದ ತಪ್ಪು ಹುಡುಕೋಕೆ ನನಗೆ ಅರ್ಧ ಗಂಟೆ ಬೇಕಾಯಿತು.

ಆದರೆ ಇಲ್ಲಿ ಆ ಬಾಣ ಬರೀ ಅಲಂಕಾರ ಅಲ್ಲ, ನೋಡಿ. ನದಿ ಹುಟ್ಟುವುದು ಅಮೆರಿಕದಲ್ಲಿ. ಉತ್ತರ ಡಕೋಟಾದ ವಾಪೆಟನ್ ಮತ್ತು ಮಿನ್ನೆಸೋಟದ ಬ್ರೆಕೆನ್‌ರಿಜ್ ಊರುಗಳ ನಡುವೆ ಎರಡು ಸಣ್ಣ ನದಿ ಸೇರಿ ರೆಡ್ ನದಿ ಆಗುತ್ತದೆ. ಅಲ್ಲಿಂದ ಫಾರ್ಗೋ, ಗ್ರ್ಯಾಂಡ್ ಫೋರ್ಕ್ಸ್ ದಾಟಿ, ಎಮರ್ಸನ್ ಹತ್ತಿರ ಗಡಿ ದಾಟಿ, ವಿನ್ನಿಪೆಗ್ ಮಧ್ಯೆ ಹಾದು, ವಿನ್ನಿಪೆಗ್ ಸರೋವರ ಸೇರುತ್ತದೆ. ಏಪ್ರಿಲ್ ಬಂತು ಅಂದರೆ ದಕ್ಷಿಣದಲ್ಲಿ ಮೊದಲು ಬಿಸಿಲು ಏರುತ್ತದೆ. ಅಲ್ಲಿ ಹಿಮ ಕರಗಿ ನೀರು ಉತ್ತರಕ್ಕೆ ಹೊರಡುತ್ತದೆ. ಇಲ್ಲಿ ನೋಡಿದರೆ ನದಿಯ ಮೇಲೆ ಇನ್ನೂ ಗಟ್ಟಿ ಮಂಜುಗಡ್ಡೆ. ಬಂದ ನೀರಿಗೆ ಮುಂದೆ ಬಾಗಿಲು ಹಾಕಿದ ಹಾಗೆ. ಒಡೆದ ಗಡ್ಡೆಗಳು ತಿರುವುಗಳಲ್ಲಿ, ಸೇತುವೆಯ ಕಂಬಗಳಲ್ಲಿ ಸಿಕ್ಕಿಕೊಂಡು ಕಟ್ಟೆಯೇ ಆಗಿಬಿಡುತ್ತದೆ. ಹಿಂದಿನ ನೀರು ಎಲ್ಲಿಗೆ ಹೋಗಬೇಕು? ಪಕ್ಕಕ್ಕೆ, ಹೊಲಗಳಿಗೆ. ಇದೇ ನದಿ ದಕ್ಷಿಣಕ್ಕೆ ಹರಿದಿದ್ದರೆ ಕೆಳಗಿನ ಗಡ್ಡೆ ಮೊದಲು ಕರಗಿ, ಮೇಲಿನ ನೀರಿಗೆ ದಾರಿ ಬಿಡುತ್ತಿತ್ತು. ನಿಮ್ಮ ನಕ್ಷೆಯ ಬಾಣದ ಪ್ರಕಾರ ಈ ಕಣಿವೆಯ ಅರ್ಧ ಇತಿಹಾಸ ನಡೆಯಲೇಬಾರದಿತ್ತು.

ಇನ್ನು ಚಪ್ಪಟೆಯ ವಿಷಯ. ಎಷ್ಟು ಚಪ್ಪಟೆ ಅಂತ ಲೆಕ್ಕ ಹೇಳುತ್ತೇನೆ. ಹುಟ್ಟಿದಲ್ಲಿಂದ ಸರೋವರದವರೆಗೆ ಈ ನದಿ ಸುಮಾರು 885 ಕಿಲೋಮೀಟರ್ ಹರಿಯುತ್ತದೆ. ಅಷ್ಟು ದೂರಕ್ಕೆ ಒಟ್ಟು ಇಳಿಯುವುದು ಸುಮಾರು 70 ಮೀಟರ್. ಭಾಗಿಸಿ ನೋಡಿದರೆ ಕಿಲೋಮೀಟರಿಗೆ ಎಂಟು ಸೆಂಟಿಮೀಟರ್. ನಾಲ್ಕು ಬೆರಳಗಲ! ನೀರಿಗೆ ತಾನು ಯಾವ ಕಡೆ ಹೋಗಬೇಕು ಅನ್ನುವುದೇ ಅನುಮಾನ. ಅದಕ್ಕೇ ನದಿ ಹಾವಿನ ಹಾಗೆ ಸುತ್ತಿ ಸುತ್ತಿ ಹೋಗುತ್ತದೆ. ದಡ ದಾಟಿತು ಅಂದರೆ ತಡೆಯೋಕೆ ಒಂದು ಗುಡ್ಡ, ಒಂದು ದಿಬ್ಬ ಇಲ್ಲ. ಮೇಜಿನ ಮೇಲೆ ಚೆಲ್ಲಿದ ಲೋಟದ ನೀರಿನ ಹಾಗೆ ಹರಡುತ್ತದೆ.

ಇದು ಸಾಮಾನ್ಯ ಕಣಿವೆ ಅಲ್ಲ. ನದಿ ಕೊರೆದು ಮಾಡಿದ್ದಲ್ಲ. ಹಿಮಯುಗದ ಕೊನೆಯಲ್ಲಿ ಇಲ್ಲಿ ಅಗಸ್ಸಿ ಅನ್ನುವ ಮಹಾ ಸರೋವರ ಇತ್ತು. ಕರಗುತ್ತಿದ್ದ ಹಿಮಹಾಸಿನ ನೀರು ಉತ್ತರಕ್ಕೆ ಹೋಗಲಾರದೆ ನಿಂತು ಆದ ಸರೋವರ. ವಾರನ್ ಅಪ್‌ಹ್ಯಾಮ್ ಎಂಬ ಭೂವಿಜ್ಞಾನಿ 1879ರಲ್ಲಿ ಅದಕ್ಕೆ, ಹಿಮಯುಗದ ವಿಚಾರ ಮುಂದಿಟ್ಟ ವಿಜ್ಞಾನಿ ಲೂಯಿ ಅಗಸ್ಸಿಯ ಹೆಸರಿಟ್ಟರು. ಸರೋವರ ಬತ್ತಿ ಸುಮಾರು ಎಂಟು ಸಾವಿರ ವರ್ಷ ಆಯಿತು. ಅದರ ತಳದಲ್ಲಿ ಕೂತ ಜೇಡಿಯೇ ಈಗ ನಮ್ಮ ನೆಲ. ವಿನ್ನಿಪೆಗ್ ಸರೋವರ, ಮ್ಯಾನಿಟೋಬಾ ಸರೋವರ ಎಲ್ಲ ಅದು ಬಿಟ್ಟುಹೋದ ಚೂರುಗಳು. ಅಂದರೆ ನಾವಿರುವುದು ಕೆರೆಯ ಅಂಗಳದಲ್ಲಿ. ಕೆರೆಯಂಗಳದಲ್ಲಿ ಮನೆ ಕಟ್ಟಿ ನೀರು ಬಂತು ಅಂತ ಗೋಳಾಡುವವರು ನಾವು.

ಈ ಮಣ್ಣಿಗೆ ಇಲ್ಲಿಯವರು ಗಂಬೋ ಅನ್ನುತ್ತಾರೆ. ಒದ್ದೆಯಾದರೆ ಎರೆಮಣ್ಣಿನ ಹಾಗೆ ಬೂಟಿಗೆ ಅಂಟಿ, ಹತ್ತು ಹೆಜ್ಜೆಗೆ ಒಂದೊಂದು ಕಾಲೂ ಎರಡೆರಡು ಕಿಲೋ ಭಾರ. ಒಣಗಿದರೆ ಬಿರುಕು. ಹಿಗ್ಗುತ್ತದೆ, ಕುಗ್ಗುತ್ತದೆ. ಅದಕ್ಕೇ ಇಲ್ಲಿನ ಹಳೆ ಮನೆಗಳ ನೆಲಮಾಳಿಗೆಯಲ್ಲಿ ಟೆಲಿಪೋಸ್ಟ್ ಅಂತ ಕಬ್ಬಿಣದ ಕಂಬ ಇರುತ್ತದೆ. ತುದಿಯಲ್ಲಿ ದಪ್ಪ ತಿರುಪು. ನೆಲ ಏರಿದರೆ ತಿರುಪು ಸಡಿಲಿಸಬೇಕು, ಕುಸಿದರೆ ಬಿಗಿ ಮಾಡಬೇಕು. ಅಡುಗೆಮನೆ ಬಾಗಿಲು ಸರಿಯಾಗಿ ಹಾಕಿಕೊಳ್ಳುತ್ತಿಲ್ಲ ಅಂದರೆ ನಾನು ಬಡಗಿಯನ್ನು ಕರೆಯುವುದಿಲ್ಲ, ಸ್ಪ್ಯಾನರ್ ಹಿಡಿದು ಕೆಳಗೆ ಹೋಗುತ್ತೇನೆ. ಕಾಲು ಸುತ್ತು ತಿರುಗಿಸಿದರೆ ಬಾಗಿಲು ಸರಿಯಾಗುತ್ತದೆ, ಆದರೆ ಮೇಲಿನ ಕೋಣೆ ಗೋಡೆಯಲ್ಲಿ ಹೊಸ ಗೀರು ಬೀಳುತ್ತದೆ. ಹೆಂಡತಿ ಇದಕ್ಕೆ ಸರೋವರದ ಬಾಡಿಗೆ ಅನ್ನುತ್ತಾಳೆ. ಏನೂ ಇಲ್ಲದ ಬಯಲು ಅಂದವರು ಒಂದು ದಿನ ನಮ್ಮ ನೆಲಮಾಳಿಗೆಗೆ ಬಂದು ನೋಡಲಿ.

ನಿಮ್ಮ ಲೇಖಕರಿಗೆ ಕಾಣದೆ ಹೋದದ್ದು ನನಗೆ ಕಂಡದ್ದು ಒಂದು ಹಳೇ ಹಾಳೆಯಲ್ಲಿ. ಬಹಳ ವರ್ಷದ ಹಿಂದೆ ಒಬ್ಬರ ಮನೆ ಮುಂದೆ ಹಳೆ ಸಾಮಾನು ಮಾರುತ್ತಿದ್ದರು. ಹರಿದ ಪುಸ್ತಕ, ಐಸ್ ಮೇಲೆ ಆಡುವ ಬೂಟು, ಇಸ್ತ್ರಿಪೆಟ್ಟಿಗೆಗಳ ನಡುವೆ ಸುರುಳಿ ಸುತ್ತಿದ ಸರ್ಕಾರಿ ಸರ್ವೇ ನಕ್ಷೆ ಇತ್ತು. ಎರಡು ಡಾಲರ್ ಕೊಟ್ಟು ತಂದೆ. ಐವತ್ತರ ದಶಕದ್ದು. ಮಾರಿಸ್ ಪಟ್ಟಣದ ಸುತ್ತಮುತ್ತ, 1:50,000 ಅಳತೆ. ಎತ್ತರ ತೋರಿಸುವ ಸಮೋನ್ನತ ರೇಖೆ ಶಾಲೆಯಲ್ಲಿ ಓದಿದ್ದೀರಲ್ಲ? 25 ಅಡಿಗೆ ಒಂದು ಗೆರೆ. ಬೆಟ್ಟದ ಸೀಮೆಯ ನಕ್ಷೆಯಲ್ಲಿ ಅವು ಕೂದಲೆಳೆಯ ಹಾಗೆ ಒತ್ತೊತ್ತಾಗಿರುತ್ತವೆ. ಈ ಹಾಳೆಯಲ್ಲಿ ಒಂದು ಕಂದು ಗೆರೆ ಹುಡುಕೋಕೆ ಕನ್ನಡಕ ಒರೆಸಿಕೊಳ್ಳಬೇಕು.

ಆದರೆ ಹಾಳೆ ಖಾಲಿ ಇಲ್ಲ. ನದಿಯ ಎರಡೂ ಕಡೆ ಬಾಚಣಿಗೆ ಹಲ್ಲಿನ ಹಾಗೆ ಉದ್ದುದ್ದ ಪಟ್ಟಿ. ಅದರಾಚೆ ಚದುರಂಗದ ಮಣೆಯ ಹಾಗೆ ಚೌಕ ಚೌಕ. ಪಟ್ಟಿ ಮುಗಿದು ಚೌಕ ಶುರುವಾಗುವ ಕಡೆ ಒಂದು ಹೊಲಿಗೆ ಕಾಣುತ್ತದೆ. ಎರಡು ಬೇರೆ ಬೇರೆ ಬಟ್ಟೆ ಸೇರಿಸಿ ಹೊಲಿದ ಹಾಗೆ. ಕೆಲಸಕ್ಕೆ ಇದ್ದಷ್ಟು ದಿನವೂ ನನಗೆ ಅತೀ ಇಷ್ಟವಾದ, ಅತೀ ಕಾಟ ಕೊಟ್ಟ ಜಾಗ ಆ ಹೊಲಿಗೆಯೇ.

ಪಟ್ಟಿಗಳು ಹಳೆಯವು. 1812ರಿಂದ ಲಾರ್ಡ್ ಸೆಲ್‌ಕರ್ಕ್ ಕಳಿಸಿದ ಸ್ಕಾಟ್ಲೆಂಡ್ ಕಡೆಯ ವಲಸಿಗರದ್ದು, ಮತ್ತು ಫ್ರೆಂಚ್ ಹಾಗೂ ಇಲ್ಲಿನ ಮೂಲನಿವಾಸಿಗಳ ನಂಟಿನಿಂದ ಹುಟ್ಟಿದ ಮೆಟೀ ಜನರದ್ದು. ಒಂದೊಂದು ಪಟ್ಟಿಯೂ ನದಿಗೆ ಮುಖ ಮಾಡಿ ಸುಮಾರು ಒಂದು ಫರ್ಲಾಂಗು ಅಗಲ, ಹಿಂದಕ್ಕೆ ಎರಡು ಮೈಲಿ ಉದ್ದ. ಅದರಾಚೆಯ ಇನ್ನೆರಡು ಮೈಲಿಯಲ್ಲಿ ಹುಲ್ಲು ಕೊಯ್ಯುವ ಹಕ್ಕು. ನನ್ನ ಮಟ್ಟಿಗೆ ಇಷ್ಟು ಬುದ್ಧಿವಂತಿಕೆಯ ಹಂಚಿಕೆ ಇನ್ನೊಂದಿಲ್ಲ. ಎಲ್ಲರಿಗೂ ನದಿಯ ನೀರು, ಮೀನು, ದಡದ ಮರ. ಎಲ್ಲರಿಗೂ ಸ್ವಲ್ಪ ಉಳುವ ನೆಲ. ಹಿಂದೆ ಹುಲ್ಲುಗಾವಲು. ಮನೆಗಳೆಲ್ಲ ದಡದಲ್ಲೇ ಸಾಲಾಗಿ. ಪಕ್ಕದ ಮನೆಯವರನ್ನು ಕೂಗಿ ಕರೆಯಬಹುದು. ನಲವತ್ತು ಡಿಗ್ರಿ ಮೈನಸ್ ಚಳಿಯಲ್ಲಿ ಅದು ಸಣ್ಣ ಮಾತಲ್ಲ.

ಚೌಕಗಳು ಬಂದಿದ್ದು ಕೆನಡಾ ಸರ್ಕಾರದ ಸರ್ವೇ ಜೊತೆ. ಆರು ಮೈಲಿಗೆ ಆರು ಮೈಲಿ ಒಂದು ಟೌನ್‌ಶಿಪ್. ಅದರಲ್ಲಿ ಒಂದು ಚದರ ಮೈಲಿಯ 36 ಸೆಕ್ಷನ್. ಒಂದು ಸೆಕ್ಷನ್ ಅಂದರೆ 640 ಎಕರೆ. ಅದರ ಕಾಲು ಭಾಗ, 160 ಎಕರೆ, ಒಬ್ಬ ಹೊಸ ರೈತನಿಗೆ. 1872ರ ಕಾನೂನಿನಂತೆ ಹತ್ತು ಡಾಲರ್ ಕಟ್ಟಿ ಹೆಸರು ಬರೆಸಿ, ಮನೆ ಕಟ್ಟಿ, ಉತ್ತು ತೋರಿಸಬೇಕು. ನದಿ ಎಲ್ಲಿದೆ, ಜೌಗು ಎಲ್ಲಿದೆ, ಯಾರಿದ್ದಾರೆ ಅಂತ ಚೌಕಕ್ಕೆ ಗೊತ್ತಿಲ್ಲ. ಗೊತ್ತಿರುವುದು ದಿಕ್ಕು ಮಾತ್ರ.

1869ರ ಅಕ್ಟೋಬರ್ 11ರಂದು ಸರ್ವೇ ಸರಪಳಿ ಸೇಂಟ್ ವೈಟಲ್ ಕಡೆಯ ಮೆಟೀ ಹುಲ್ಲುಗಾವಲಿಗೆ ಬಂತು. ಮೆಟೀ ನಾಯಕ ಲೂಯಿ ರಿಯೆಲ್ ಮತ್ತು ಜೊತೆಗಾರರು ಅಡ್ಡ ನಿಂತರು. ರಿಯೆಲ್ ಸರಪಳಿಯ ಮೇಲೆ ಕಾಲಿಟ್ಟರು. ಸರ್ವೇಯವರು ವಾಪಸ್ಸು ಹೋದರು. ಅಲ್ಲಿಂದ ಶುರುವಾದ ಹೋರಾಟದ ಕೊನೆಗೆ 1870ರಲ್ಲಿ ಮ್ಯಾನಿಟೋಬಾ ಪ್ರಾಂತ್ಯ ಹುಟ್ಟಿತು. ನದಿ ಪಟ್ಟಿಗಳು ಉಳಿದವು. ಪಟ್ಟಿಗಳ ಮೇಲಿದ್ದ ಎಷ್ಟೋ ಮೆಟೀ ಕುಟುಂಬಗಳು ಉಳಿಯಲಿಲ್ಲ, ಜಮೀನು ಕೈಬಿಟ್ಟು ಪಶ್ಚಿಮಕ್ಕೆ ಹೋದವು. ನಾನು ಸರಪಳಿ ಕಡೆಯ ಕಸುಬಿನವನು. ಆದರೂ ಈ ಕಥೆಯಲ್ಲಿ ನನ್ನ ಮನಸ್ಸು ಕಾಲಿಟ್ಟವರ ಕಡೆಗೇ.

ಇವತ್ತಿಗೂ ವಿನ್ನಿಪೆಗ್‌ನ ಬೀದಿಗಳು ಆ ಪಟ್ಟಿಗಳ ಮೇಲೇ ಇವೆ. ನದಿ ತಿರುಗಿದ ಹಾಗೆ ಪಟ್ಟಿ ತಿರುಗಿದೆ, ಪಟ್ಟಿ ತಿರುಗಿದ ಹಾಗೆ ಬೀದಿ. ಅದಕ್ಕೇ ಓರೆಯಾಗಿ ಬೀದಿಗಳು ಬಂದು ಗುದ್ದಿಕೊಳ್ಳುತ್ತವೆ. ಅಂಥ ಒಂದು ಜಾಗಕ್ಕೆ ಜನ ಕನ್‌ಫ್ಯೂಷನ್ ಕಾರ್ನರ್ ಅಂತಲೇ ಹೆಸರಿಟ್ಟಿದ್ದಾರೆ.

ಚೌಕದ ಕಡೆಯೂ ಒಂದು ತಮಾಷೆ ಇದೆ. ಭೂಮಿ ಗುಂಡಗಿದೆ. ಉತ್ತರಕ್ಕೆ ಹೋದಂತೆ ರೇಖಾಂಶಗಳು ಹತ್ತಿರ ಬರುತ್ತವೆ. ಚೌಕಗಳನ್ನು ಹಾಗೇ ಪೇರಿಸುತ್ತಾ ಹೋದರೆ ಮೇಲಿನವು ಕಿರಿದಾಗುತ್ತವೆ. ಅದಕ್ಕೆ 24 ಮೈಲಿಗೊಂದು ತಿದ್ದುಪಡಿ ಗೆರೆ ಹಾಕಿ, ಅಲ್ಲಿಂದ ಅಳತೆ ಹೊಸದಾಗಿ ಶುರು ಮಾಡುತ್ತಾರೆ. ಹಳ್ಳಿ ರಸ್ತೆ ಆ ಗೆರೆ ಮುಟ್ಟಿದ ಕೂಡಲೇ ಪಕ್ಕಕ್ಕೆ ಒಂದು ಸೊಟ್ಟ ಹೊಡೆದು, ಮತ್ತೆ ನೇರ ಆಗುತ್ತದೆ. ಮೊದಲ ಚಳಿಗಾಲದಲ್ಲಿ ಒಂದು ರಾತ್ರಿ ಕಾರು ಓಡಿಸುತ್ತಿದ್ದೆ. ಹತ್ತಾರು ಮೈಲಿ ಸ್ಟಿಯರಿಂಗ್ ಅಲ್ಲಾಡಿಸಿಯೇ ಇರಲಿಲ್ಲ. ತಿದ್ದುಪಡಿ ಗೆರೆ ಬಂತು, ರಸ್ತೆ ತಿರುಗಿತು, ನಾನು ತಿರುಗಲಿಲ್ಲ. ಹಿಮ ತುಂಬಿದ ಚರಂಡಿಯಲ್ಲಿ ಕೂತು ಟ್ರ್ಯಾಕ್ಟರಿಗೆ ಕಾಯುವಾಗ ಭೂಮಿ ಗುಂಡಗಿದೆ ಅನ್ನುವುದು ಪೂರ್ತಿ ಮನವರಿಕೆಯಾಯಿತು.

ಮತ್ತೆ ನನ್ನ ಎರಡು ಡಾಲರ್ ಹಾಳೆಗೆ ಬರುತ್ತೇನೆ. ಚೌಕಗಳ ನಡುವೆ ರೈಲು ಹಳಿಯ ಕಪ್ಪು ಗೆರೆ. ಗೆರೆಯ ಮೇಲೆ ಕೆಲವು ಮೈಲಿಗೊಂದು ಊರು, ಪ್ರತಿ ಊರಲ್ಲೂ ಧಾನ್ಯದ ಎಲಿವೇಟರ್ ಗುರುತು. ನಿಮ್ಮ ಪುಟದಲ್ಲಿ ಅದರ ಫೋಟೋ ಹಾಕಿದ್ದೀರಿ. ಮರದ ಗೋಪುರ, ಆರೇಳು ಮಹಡಿ ಎತ್ತರ. ಕೆಳಗೆ ಗೋಧಿ ಸುರಿದರೆ ಬೆಲ್ಟಿಗೆ ಕಟ್ಟಿದ ಬಟ್ಟಲುಗಳು ಮೇಲಕ್ಕೆ ಎತ್ತಿ ಒಯ್ಯುತ್ತವೆ. ಅಲ್ಲಿಂದ ಬೇಕಾದ ಕಣಜಕ್ಕೋ ರೈಲು ಡಬ್ಬಿಗೋ ತಾನೇ ಇಳಿಯುತ್ತದೆ. ಗೋಡೆಗೆ ಹಲಗೆಗಳನ್ನು ನಿಲ್ಲಿಸಿ ಹೊಡೆದಿರುವುದಿಲ್ಲ, ಒಂದರ ಮೇಲೊಂದು ಮಲಗಿಸಿ ಮೊಳೆ ಜಡಿದಿರುತ್ತಾರೆ. ಗೋಧಿ ಒತ್ತುವ ಒತ್ತಡ ಅಷ್ಟಿರುತ್ತದೆ. ಮೂರೂ ಪ್ರೇರಿ ಪ್ರಾಂತ್ಯ ಸೇರಿ 1933ರಲ್ಲಿ 5,758 ಎಲಿವೇಟರ್ ಇದ್ದವು. ಆರರಿಂದ ಹತ್ತು ಮೈಲಿಗೊಂದು. ಏಕೆ ಅಷ್ಟೇ ದೂರ? ಕುದುರೆ ಗಾಡಿಯಲ್ಲಿ ಗೋಧಿ ಹೇರಿಕೊಂಡು ಹೋಗಿ, ಸುರಿದು, ಕತ್ತಲಾಗುವುದರೊಳಗೆ ಮನೆ ಸೇರಬೇಕು. ಊರಿಂದ ಊರಿಗೆ ಇರುವ ದೂರವನ್ನು ನಿಗದಿ ಮಾಡಿದ್ದು ಕುದುರೆಯ ಕಾಲು.

1950ರ ಹೊತ್ತಿಗೆ ಕುದುರೆ ಹೋಗಿ ಟ್ರಕ್ ಬಂದಿತ್ತು. ಯುದ್ಧ ಮುಗಿದ ಮೇಲೆ ಹೊಲದ ಮನೆಗಳಿಗೆ ಕರೆಂಟೂ ಬರುತ್ತಿತ್ತು. ಅದೇ ವರ್ಷ ಎಡ್ಮಂಟನ್ ಕಡೆಯ ತೈಲದ ಪೈಪು ಗಡಿ ಪಕ್ಕದ ಗ್ರೆಟ್ನಾ ಊರಿಗೆ ಬಂದು ಅಮೆರಿಕದ ಕಡೆ ತಿರುಗಿತು. ಆಲ್ಟೋನಾದಲ್ಲಿ ಮೆನೊನೈಟ್ ಅನ್ನುವ ಕ್ರೈಸ್ತ ಪಂಗಡದ ರೈತರು ಸಹಕಾರಿ ಗಿರಣಿ ಹಾಕಿ ಸೂರ್ಯಕಾಂತಿ ಎಣ್ಣೆ ತೆಗೆಯುತ್ತಿದ್ದರು. ಎಲ್ಲ ಬದಲಾಗುತ್ತಿತ್ತು, ಊರುಗಳು ಮಾತ್ರ ಇನ್ನೂ ಕುದುರೆಯ ಲೆಕ್ಕದಲ್ಲೇ ನಿಂತಿದ್ದವು. ನನ್ನ ಹಾಳೆ ಹಿಡಿದಿಟ್ಟಿರುವುದು ಆ ಗಳಿಗೆಯನ್ನು. ಹಾಳೆಯಲ್ಲಿರುವ ಒಂದು ಕೋಣೆಯ ಶಾಲೆಗಳನ್ನು ಹುಡುಕಿಕೊಂಡು ನಾನು ಎರಡು ಬೇಸಿಗೆ ಓಡಾಡಿದ್ದೇನೆ. ಒಂದು ಕಡೆ ಕೈಪಂಪು ಸಿಕ್ಕಿತು. ಒಂದು ಕಡೆ ಲೈಲಾಕ್ ಹೂವಿನ ಗಿಡಗಳ ಸಾಲು, ಸುತ್ತ ಬರೀ ಕನೋಲಾ ಎಣ್ಣೆಕಾಳಿನ ಹೊಲ. ಉಳಿದ ಕಡೆ ಅದೂ ಇಲ್ಲ. ಲೇಖಕರು ಏನೂ ಇಲ್ಲ ಅಂದಿದ್ದು ಈಗಿನ ಬಯಲು ನೋಡಿ ಇರಬೇಕು. 1950ರಲ್ಲಿ ಇಲ್ಲಿ ಈಗಿನದ್ದಕ್ಕಿಂತ ಜಾಸ್ತಿ ಇತ್ತು, ಸ್ವಾಮಿ.

ಇನ್ನು ನೆರೆ. ನಿಮ್ಮ ಲೇಖನ ಅದನ್ನು ಒಂದೇ ಸಾಲಿನಲ್ಲಿ ದಾಟಿಸಿದೆ.

ಮೊದಲು ಹೇಳಬೇಕಾದ್ದು, ವಿನ್ನಿಪೆಗ್ ಇಲ್ಲಿರಲೇಬಾರದಿತ್ತು. ಪೆಸಿಫಿಕ್ ರೈಲು ಮಾರ್ಗದ ಮುಖ್ಯ ಎಂಜಿನಿಯರ್ ಸ್ಯಾಂಡ್‌ಫರ್ಡ್ ಫ್ಲೆಮಿಂಗ್ 1870ರ ದಶಕದಲ್ಲೇ ಹೇಳಿದ್ದರು: ಇಲ್ಲಿ ನೆರೆ ಬರುತ್ತದೆ, ರೈಲು ನದಿ ದಾಟುವುದು ಉತ್ತರದ ಊರು ಸೆಲ್‌ಕರ್ಕ್‌ನಲ್ಲಿ ಆಗಲಿ. 1826ರ ಮಹಾ ನೆರೆಯ ಲೆಕ್ಕ ಅವರ ಮುಂದಿತ್ತು. ವಿನ್ನಿಪೆಗ್‌ನ ವ್ಯಾಪಾರಿಗಳು ಬಿಡಬೇಕಲ್ಲ. ಸೇತುವೆ ಕಟ್ಟಿಸಿಕೊಟ್ಟರು, ಜಾಗ ಕೊಟ್ಟರು, ತೆರಿಗೆಯನ್ನೇ ಮಾಫಿ ಮಾಡಿದರು. 1881ರಲ್ಲಿ ರೈಲು ಇಲ್ಲಿಗೇ ಬಂತು. ಅದರ ಹಿಂದೆಯೇ ಜನ ಬಂದರು. ನೆರೆ ತನ್ನ ಸರದಿಗೆ ಕಾಯುತ್ತಾ ಕೂತಿತು.

1950ರಲ್ಲಿ ಸರದಿ ಬಂತು. ಹಿಂದಿನ ಶರತ್ಕಾಲದಲ್ಲೇ ಮಣ್ಣು ನೀರು ಕುಡಿದು ತುಂಬಿತ್ತು. ಚಳಿಗಾಲದಲ್ಲಿ ಹಿಮ ಜಾಸ್ತಿ, ವಸಂತ ತಡ, ಮೇಲಿಂದ ಮಳೆ. ಎಮರ್ಸನ್, ಮಾರಿಸ್ ಮೊದಲು ಮುಳುಗಿದವು. ಮೇ ತಿಂಗಳಲ್ಲಿ ನಗರದ ಎಂಟು ಏರಿಗಳು ಒಡೆದವು. ಹನ್ನೊಂದು ಸೇತುವೆಗಳಲ್ಲಿ ನಾಲ್ಕು ಹೋದವು. ಗಡಿಯಿಂದ ವಿನ್ನಿಪೆಗ್‌ವರೆಗೆ ಸುಮಾರು 600 ಚದರ ಮೈಲಿ ಹೊಲ ಸಮುದ್ರವಾಯಿತು. ಸುಮಾರು ಒಂದು ಲಕ್ಷ ಜನ ಊರು ಬಿಟ್ಟರು. ಆಗ ಸುತ್ತಲಿನ ಊರೂ ಸೇರಿ ನಗರದಲ್ಲಿದ್ದವರು ಮೂರೂವರೆ ಲಕ್ಷ. ನಗರದಲ್ಲಿ ನದಿಯ ಮಟ್ಟ ಅಳೆಯುವ ಜೇಮ್ಸ್ ಅವೆನ್ಯೂ ಅಳತೆಯಲ್ಲಿ ನೀರು 30.3 ಅಡಿ ಮುಟ್ಟಿತು. ಚಳಿಗಾಲದ ಮಂಜುಗಡ್ಡೆಯ ಮಟ್ಟ ಅಲ್ಲಿ ಸೊನ್ನೆ, ಅದರ ಮೇಲೆ ಇಷ್ಟು.

ನಮ್ಮ ಬೀದಿಯಲ್ಲಿದ್ದ ಒಬ್ಬರು ಅಜ್ಜಿ ಆಗ ಒಂಬತ್ತು ವರ್ಷದ ಹುಡುಗಿ. ಈಗ ಅವರಿಲ್ಲ. ಅವರು ಹೇಳುತ್ತಿದ್ದುದರಲ್ಲಿ ಅಂಕಿ ಅಂಶ ಒಂದೂ ಇರಲಿಲ್ಲ. ಅಪ್ಪ ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತು, ಗೋಡೆಗೆ ಪೆನ್ಸಿಲ್ ಗೀರು ಹಾಕುತ್ತಿದ್ದರಂತೆ. ಗಂಟೆಗೊಂದು ಗೀರು. ಮೊದಮೊದಲು ಗೀರುಗಳ ನಡುವೆ ಬೆರಳು ಇಡುವಷ್ಟು ಜಾಗ, ಆಮೇಲೆ ಅಂಗೈ ಇಡುವಷ್ಟು. ನೀರು ಬಂದಿದ್ದು ಬಾಗಿಲಿಂದ ಅಲ್ಲ, ನೆಲದ ಚರಂಡಿ ಕಿಂಡಿಯಿಂದ, ಒಳಗಿನಿಂದಲೇ. ಅಮ್ಮ ಹಿಂದಿನ ಬೇಸಿಗೆಯಲ್ಲಿ ಬಾಟಲಿಗೆ ತುಂಬಿಟ್ಟಿದ್ದ ಹಣ್ಣು ಕತ್ತಲಲ್ಲಿ ತೇಲುತ್ತಾ, ಒಂದಕ್ಕೊಂದು ತಾಗಿ ಟಿಣ್ ಟಿಣ್ ಅನ್ನುತ್ತಿತ್ತಂತೆ. ರಾತ್ರಿಯೆಲ್ಲ ಆ ಸದ್ದು. ಬೆಳಿಗ್ಗೆ ಅವರ ಕೋಟಿಗೆ ಹೆಸರಿನ ಚೀಟಿ ಪಿನ್ ಮಾಡಿ ರೈಲು ಹತ್ತಿಸಿದರು. ವಾಪಸ್ಸು ಬಂದಾಗ ಮನೆ ಇತ್ತು, ವಾಲ್‌ಪೇಪರ್ ಇರಲಿಲ್ಲ, ವಾಸನೆ ಇತ್ತು. ಆ ವಾಸನೆ ಎಂಥದ್ದು ಅಂತ ಕೇಳಿದರೆ, ಗಂಬೋ ಮತ್ತು ಸೀಮೆಎಣ್ಣೆ ಅನ್ನುತ್ತಿದ್ದರು.

ಆ ನೆರೆ ನಗರದ ನೆಲವನ್ನೇ ಬದಲಾಯಿಸಿತು. ನಾರ್ವುಡ್‌ನ ಲಿಂಡೇಲ್ ಡ್ರೈವ್ ಮೇಲೆ ನಾನು ದಿನಾ ಸಂಜೆ ವಾಕ್ ಹೋಗುತ್ತೇನೆ. ನೋಡುವುದಕ್ಕೆ ನದಿ ಪಕ್ಕದ ಮಾಮೂಲಿ ರಸ್ತೆ. ಸ್ವಲ್ಪ ನಿಂತು ಮನೆಗಳ ಕಡೆ ನೋಡಿದರೆ ರಸ್ತೆ ಎತ್ತರದಲ್ಲಿದೆ, ಮನೆಗಳು ತಗ್ಗಿನಲ್ಲಿವೆ. ಅದು 1950ರ ನಂತರ ಕಟ್ಟಿದ ಏರಿ, ಅದರ ಮೇಲೇ ಡಾಂಬರು. ಚಪ್ಪಟೆ ಊರಿನಲ್ಲಿ ನಾಲ್ಕಡಿ ಎತ್ತರ ಕಂಡರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ.

ಆಮೇಲೆ ಡಫ್ ರಾಬ್ಲಿನ್. 1958ರಲ್ಲಿ ಪ್ರಾಂತ್ಯದ ಪ್ರೀಮಿಯರ್, ಅಂದರೆ ಮುಖ್ಯಮಂತ್ರಿ, ಆದರು. ನಗರದ ಪೂರ್ವಕ್ಕೆ 47 ಕಿಲೋಮೀಟರ್ ಉದ್ದದ ಕಾಲುವೆ ತೋಡಿ, ನೆರೆ ನೀರನ್ನು ಸುತ್ತು ಹಾಕಿಸಿ ಲಾಕ್‌ಪೋರ್ಟ್ ಹತ್ತಿರ ಮತ್ತೆ ನದಿಗೆ ಬಿಡಬೇಕು ಅಂತ ಹಟ ಹಿಡಿದರು. ಜನ ಮೂಗು ಮುರಿದರು. ಡಫ್‌ನ ಚರಂಡಿ ಅಂತ ಆಡಿಕೊಂಡರು. 1962ರಲ್ಲಿ ಶುರುವಾಗಿ 1968ರಲ್ಲಿ ಮುಗಿಯಿತು, 6.3 ಕೋಟಿ ಡಾಲರ್ ಖರ್ಚು. ಸೂಯೆಜ್ ಕಾಲುವೆಗಿಂತ ಜಾಸ್ತಿ ಮಣ್ಣು ತೆಗೆದರು. ಮರುವರ್ಷವೇ, 1969ರಲ್ಲಿ, ಅದು ಕೆಲಸಕ್ಕೆ ಬಂತು. ನಗರದ ದಕ್ಷಿಣಕ್ಕೆ ನದಿಯ ತಳದಲ್ಲಿ ಎರಡು ದೈತ್ಯ ಗೇಟು ಮಲಗಿರುತ್ತವೆ. ದೋಣಿಯಲ್ಲಿ ಹೋದರೆ ಅವುಗಳ ಮೇಲೇ ಹೋಗುತ್ತೀರಿ, ಗೊತ್ತೇ ಆಗುವುದಿಲ್ಲ. ನೆರೆ ಬಂದಾಗ ಎದ್ದು ನಿಂತು ನೀರನ್ನು ತಡೆಯುತ್ತವೆ, ಏರಿದ ನೀರು ಕಾಲುವೆಗೆ ಹೊರಳುತ್ತದೆ.

1997ರಲ್ಲಿ 1950ಕ್ಕಿಂತ ದೊಡ್ಡ ನೆರೆ ಬಂತು. ಕಾಲುವೆ ಇಲ್ಲದಿದ್ದರೆ ಜೇಮ್ಸ್ ಅವೆನ್ಯೂದಲ್ಲಿ ಸುಮಾರು 34 ಅಡಿ ಆಗುತ್ತಿತ್ತು. 24.5ಕ್ಕೆ ನಿಂತಿತು. ನಾನು ನಮ್ಮ ಬೀದಿಯ ಕೊನೆಯಲ್ಲಿ ಮೂರು ರಾತ್ರಿ ಮರಳು ಚೀಲ ಹೊತ್ತೆ. ಚೀಲ ಪೂರ್ತಿ ತುಂಬಬಾರದು, ಅರ್ಧವೇ ತುಂಬಬೇಕು, ಆಗಲೇ ಒಂದಕ್ಕೊಂದು ಒತ್ತಿ ಕೂರುತ್ತದೆ ಅಂತ ಹೇಳಿಕೊಟ್ಟಿದ್ದು ಅದೇ ಅಜ್ಜಿ, ಕುರ್ಚಿ ಹಾಕಿಕೊಂಡು ಕೂತು.

ಆದರೆ ನಗರ ಉಳಿಯಿತು ಅಂತ ಕುಣಿಯುವುದಕ್ಕೆ ನನಗೆ ಮನಸ್ಸಿಲ್ಲ. ಗೇಟು ಎದ್ದರೆ ಅದರ ಹಿಂದೆ ನೀರು ಏರುತ್ತದೆ. ಗೇಟಿನ ಹಿಂದೆಯೂ ಊರುಗಳಿವೆ. 1966ರ ನೆರೆ ಆದ ಮೇಲೆ ಎಮರ್ಸನ್, ಮಾರಿಸ್ ತರಹದ ಪಟ್ಟಣಗಳಿಗೆ ಸುತ್ತಲೂ ಕೋಟೆಯ ಹಾಗೆ ಏರಿ ಕಟ್ಟಿದ್ದರು. ಸೇಂಟ್ ಅಗಾಥ್ ಊರಿಗೆ ಕಟ್ಟಿರಲಿಲ್ಲ. 1997ರ ಏಪ್ರಿಲ್ ಕೊನೆಯಲ್ಲಿ ಆ ಊರು ಮುಳುಗಿತು, ಅದೂ ನದಿಯ ಕಡೆಯಿಂದ ಅಲ್ಲ, ಬೆನ್ನ ಹಿಂದಿನ ಹೊಲಗಳಿಂದ. ಚಪ್ಪಟೆ ನೆಲದಲ್ಲಿ ನೀರು ಎದುರಿನಿಂದಲೇ ಬರಬೇಕು ಅಂತ ಕಾನೂನಿಲ್ಲ. ಯಾರನ್ನು ಒಣಗಿಸಲು ಯಾರನ್ನು ನೆನೆಸಬೇಕು ಅನ್ನುವ ಜಗಳ ಇಲ್ಲಿ ಇನ್ನೂ ಮುಗಿದಿಲ್ಲ. ಅದನ್ನು ನಿಮ್ಮ ಲೇಖಕರು ಬರೆದಿದ್ದರೆ ನಾನು ಈ ಪತ್ರ ಬರೆಯುತ್ತಲೇ ಇರಲಿಲ್ಲ.

ನನ್ನ ಬೇಡಿಕೆ ಇಷ್ಟೇ. ಮುಂದಿನ ವಾರ ಒಂದು ಸಣ್ಣ ತಿದ್ದುಪಡಿ ಹಾಕಿ, ಬಾಣ ಮೇಲಕ್ಕೆ ಅಂತ. ಸಾಧ್ಯವಾದರೆ ಹಾಳೆಯ ಫೋಟೋ ಕಳಿಸುತ್ತೇನೆ, ಅದನ್ನೂ ಹಾಕಿ. ಅದರಲ್ಲಿ ಒಂದು ವಿಷಯ ನಿಮ್ಮ ಓದುಗರು ನೋಡಲಿ. ಮಾರಿಸ್‌ನಿಂದ ಸ್ವಲ್ಪ ಪಶ್ಚಿಮಕ್ಕೆ, ನದಿಯಿಂದ ಬಹಳ ದೂರ, ಒಂದು ಕಾಲು ಸೆಕ್ಷನ್ನಿನ ಮೂಲೆಯಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ: ನೀರು ಇಲ್ಲಿವರೆಗೆ. ಆ ಗೆರೆ ಕಾಣುವ ಹಾಗೆ ಫೋಟೋ ತೆಗೆಯಬೇಕು, ಅದಕ್ಕೆ ಬೆಳಕು ಓರೆಯಾಗಿ ಬೀಳಬೇಕು. ಇಲ್ಲಿ ಈಗ ಮೂರು ದಿನದಿಂದ ಮೋಡ. ಬಿಸಿಲು ಬಂದ ದಿನ ತೆಗೆದು ಕಳಿಸುತ್ತೇನೆ.

ಇಂತಿ,
ನಿಮ್ಮ ಒಬ್ಬ ಹಳೇ ಓದುಗ
ಸೇಂಟ್ ಬೋನಿಫೇಸ್, ವಿನ್ನಿಪೆಗ್